ಪರವಾಗಿಲ್ಲಣ್ಣನ ಪರವಾನಗಿ

ಅವನಿಗೆ ತಂದೆ ತಾಯಿ ಇಟ್ಟ ಹೆಸರೊಂದಿತ್ತು. ಸಂಬಳದ ದಿನ ಬಿಟ್ಟರೆ ಅದನ್ನು ಯಾರೂ ಕೂಗುತ್ತಿರಲಿಲ್ಲ. ಬಸ್ ಕಂಪನಿಯ ವರ್ಕ್‌ಶಾಪಿನಲ್ಲಿ ಎಲ್ಲರ ಬಾಯಲ್ಲೂ ಅವನು ಪರವಾಗಿಲ್ಲಣ್ಣ. ಕಾಲ ಮೇಲೆ ಸೀಟಿನ ಕಬ್ಬಿಣ ಬಿದ್ದರೆ ಪರವಾಗಿಲ್ಲ. ರಜೆ ಕೇಳಿದ್ದಕ್ಕೆ ಮೇಸ್ತ್ರಿ ಮುಖ ಸಿಂಡರಿಸಿದರೆ ಪರವಾಗಿಲ್ಲ. ಅವನ ಪಾಲಿನ ಚಹಾವನ್ನು ಇನ್ನೊಬ್ಬ ಎತ್ತಿ ಗುಟುಕರಿಸಿದರೂ ಪರವಾಗಿಲ್ಲ. ಮನೆಯಲ್ಲಿ ಹೆಂಡತಿ ಈ ಒಂದು ಮಾತಿಗೆ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಅಡಿಗೆ ಹೇಗಿದೆ ಅಂದ್ರೆ ಪರವಾಗಿಲ್ಲ ಅಂತೀರಲ್ಲ, ಉಪ್ಪು ಜಾಸ್ತಿನೋ ಕಮ್ಮಿನೋ ಬಾಯ್ಬಿಟ್ಟು ಹೇಳ್ರೀ!"

"ಹೇಗಿದ್ರೂ ಪರವಾಗಿಲ್ಲ ಕಣೇ."

"ನಿಮಗೆ ಉಪ್ಪು ಹಾಕಿದ್ದೂ ಒಂದೇ, ಮಣ್ಣು ಹಾಕಿದ್ದೂ ಒಂದೇ ಬಿಡಿ."

ಅವನ ಕೆಲಸ ಬಸ್ಸಿನ ಸೀಟು ಹೊಲಿಯುವುದು. ನಾನು ಪಕ್ಕದ ಶೆಡ್ಡಿನಲ್ಲಿ ಬಸ್ಸಿನ ಮೈಗೆ ಬಣ್ಣ ಬಳಿದು ಊರಿನ ಹೆಸರು ಬರೆಯುವವನು. ನಾನು ಅಕ್ಷರ ಕಲಿತದ್ದೇ ಬಸ್ಸಿನ ಹೊಟ್ಟೆಯ ಮೇಲೆ. ಒಂದು ಒತ್ತು ತಪ್ಪಿದರೆ ಜನ ಬೇರೆ ಊರಿಗೆ ಹೋಗಿ ಇಳಿಯುತ್ತಾರೆಂಬ ಭಯ ಆಗಿನಿಂದಲೂ ನನ್ನಲ್ಲಿದೆ. ಮಾತಿನ ವಿಷಯದಲ್ಲಿ ಅವನಿಗೆ ಆ ಭಯ ಇರಲಿಲ್ಲ. ಅವನ ತುಟಿಗಳ ನಡುವೆ ಯಾವಾಗಲೂ ಸಣ್ಣ ಮೊಳೆಗಳ ಸಾಲಿರುತ್ತಿತ್ತು. ಮೊಳೆ ಬಾಯಲ್ಲಿದ್ದಾಗ "ಹ್ಞೂಂ", ಮೊಳೆ ತೆಗೆದರೆ "ಪರವಾಗಿಲ್ಲ". ಅವನ ಸಂಸಾರ, ಸ್ನೇಹ, ನೌಕರಿ ಎಲ್ಲವೂ ಈ ಎರಡರಲ್ಲೇ ಸಾಗಿತ್ತು.

ಆದರೆ ಕೈ ಮಾತಾಡುತ್ತಿತ್ತು. ಸೀಟು ಎಂದರೆ ಸುಮ್ಮನೆ ಸ್ಪಂಜಿಗೆ ರೆಕ್ಸಿನ್ ಹೊದಿಸುವುದಲ್ಲ. ಮಧ್ಯದ ಬಯಲನ್ನು ಯಾರು ಬೇಕಾದರೂ ಮುಚ್ಚಿಯಾರು, ಕಷ್ಟವೆಲ್ಲ ಮೂಲೆಯಲ್ಲಿದೆ. ಎಡಗೈಯ ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ರೆಕ್ಸಿನ್ನನ್ನು ಮೂಲೆಯ ಮೇಲೆ ಜಗ್ಗಿ ಹಿಡಿಯಬೇಕು, ಉಸಿರು ಬಿಗಿ ಹಿಡಿದು ಬಲಗೈಯಲ್ಲಿ ಮೊಳೆ ಬಡಿಯಬೇಕು. ಜಗ್ಗಿದ್ದು ಕಡಿಮೆಯಾದರೆ ಸುಕ್ಕು, ಹೆಚ್ಚಾದರೆ ಹರಿದಂತೆಯೇ. ಅವನು ಹೊಲಿದ ಮೂಲೆ ಕಾಯಿಸಿ ಎರೆದ ಮೇಣದ ಹಾಗಿರುತ್ತಿತ್ತು. ಬಸ್ಸು ಹತ್ತಿದರೆ ಅವನು ಕೂರುತ್ತಿರಲಿಲ್ಲ, ಸೀಟಿನ ಮೂಲೆಗಳನ್ನು ನೋಡುತ್ತ ನಿಂತೇ ಹೋಗುತ್ತಿದ್ದ.

ಆ ಬೆರಳುಗಳಿಗೇ ಕೇಡು ಬಂತು. ಬೆಳಗ್ಗೆ ಎದ್ದರೆ ಕೈ ಮುಷ್ಟಿ ಬಿಗಿದುಕೊಂಡೇ ಇರುತ್ತಿತ್ತು. ಹೆಂಡತಿ ಬಿಸಿನೀರಿನಲ್ಲಿ ಅದ್ದಿ ಒಂದೊಂದೇ ಬೆರಳನ್ನು ಮೊಗ್ಗು ಬಿಡಿಸಿದಂತೆ ಬಿಡಿಸುತ್ತಿದ್ದಳು. ಗಿಣ್ಣುಗಳು ಊದಿ ಕೆಂಪಾಗಿ ಮಿರುಗುತ್ತಿದ್ದವು. ಕೀಲಿನ ಡಾಕ್ಟ್ರಮ್ಮ ಪರೀಕ್ಷೆ ಮಾಡಿಸಿ ಹೇಳಿದರು: "ಹೊರಗಿಂದ ಯಾವ ರೋಗವೂ ಬಂದಿಲ್ಲ. ನಿಮ್ಮ ಮೈಯೇ ನಿಮ್ಮ ಕೀಲುಗಳ ಮೇಲೆ ಕತ್ತಿ ಮಸೀತಿದೆ."

ಮಾತ್ರೆಗಳು ಒಂದೂ ಹತ್ತಲಿಲ್ಲ. ಕೊನೆಗೆ ಹಿಡಿದದ್ದು ಒಂದು ಇಂಜೆಕ್ಷನ್ನು. ಫ್ರಿಜ್ಜಿನಲ್ಲಿ ಎಳೆಗೂಸಿನಂತೆ ಜೋಪಾನ ಮಾಡಬೇಕಾದ ಔಷಧಿ, ನಮ್ಮಂಥವರ ಸಂಬಳಕ್ಕೆ ಎಟುಕುವುದಲ್ಲ. ಬಸ್ ಕಂಪನಿ ನಮಗೆಲ್ಲ ಮಾಡಿಸಿದ್ದ ವಿಮೆಯಲ್ಲಿ ಅದು ಸಿಗುತ್ತಿತ್ತು. ಆದರೆ ಅಂಥ ಔಷಧಿಗೆ ವಿಮೆಯವರು ಮೊದಲು ಪರವಾನಗಿ ಕೊಡಬೇಕು, ಕೊಟ್ಟ ಪರವಾನಗಿಯನ್ನು ಆಗಾಗ ನವೀಕರಿಸಬೇಕು. ಡಾಕ್ಟ್ರಮ್ಮ ಇನ್ನೊಂದು ಮಾತನ್ನೂ ಹೇಳಿದ್ದರು, ಹೆಂಡತಿ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಂತೆ ನೆನಪಿಟ್ಟಿದ್ದಳು: "ಮಧ್ಯೆ ನಿಲ್ಲಿಸಬೇಡಿ. ನಿಂತರೆ ರೋಗ ತಿರುಗಿ ಬರುತ್ತೆ. ಒಮ್ಮೆ ಸೊಟ್ಟಗಾದ ಬೆರಳನ್ನ ಆಮೇಲೆ ಯಾವ ಔಷಧಿನೂ ನೆಟ್ಟಗೆ ಮಾಡಲ್ಲ."

ಮೊದಲ ಸಲ ಪರವಾನಗಿ ತರಲು ಅವನು ಸವೆಸಿದ ಚಪ್ಪಲಿ ದೇವರಿಗೇ ಗೊತ್ತು. ಡಾಕ್ಟರ ಚೀಟಿ ಇದ್ದರೆ ಮೊಹರಿಲ್ಲ, ಮೊಹರಿದ್ದರೆ ಹಳೆಯ ಮಾತ್ರೆ ತಿಂದದ್ದಕ್ಕೆ ಸಾಕ್ಷಿಯಿಲ್ಲ, ಸಾಕ್ಷಿ ತರುವಷ್ಟರಲ್ಲಿ ರಕ್ತಪರೀಕ್ಷೆ ಹಳತಾಯಿತು. ಆ ಕಾಯುವಿಕೆಯಲ್ಲೇ ಎಡಗೈಯ ಕಿರುಬೆರಳು ಮಡಚಿದ್ದು ಮಡಚಿಯೇ ಉಳಿಯಿತು. "ಕಿರುಬೆರಳು ತಾನೆ, ಅದು ಮೂಲೆ ಹಿಡಿಯಲ್ಲ. ಪರವಾಗಿಲ್ಲ," ಎಂದ. ಕೊನೆಗೂ ಪರವಾನಗಿ ಬಂತು, ಇಂಜೆಕ್ಷನ್ನು ಬಿತ್ತು. ಊತ ಇಳಿಯಿತು. ಅವನು ಮತ್ತೆ ಡೊಂಕು ಸೂಜಿ ಹಿಡಿದ ದಿನ ವರ್ಕ್‌ಶಾಪಿನ ತಗಡು ಬಡಿಯುವವನು ಎಲ್ಲರಿಗೂ ಚಹಾ ಕೊಡಿಸಿದ.

ನಮ್ಮ ಕಾರ್ಮಿಕ ಸಂಘದವರು ವಿಮೆ ಕಂಪನಿಯ ಮೇಲೆ ಹರಿಹಾಯ್ದರು. ಇಷ್ಟು ಕಾಗದ ಏಕೆ, ಇಷ್ಟು ಅಲೆದಾಟ ಏಕೆ, ಸುಲಭ ಮಾಡಿ ಎಂದರು. ಮಾಡಿದರು. ಸೂಚನಾ ಫಲಕದ ಮೇಲೆ ಒಂದು ದಿನ ಹೊಳೆಯುವ ಹಾಳೆ ಅಂಟಿತು: ಸರಳ ಪರವಾನಗಿ ವ್ಯವಸ್ಥೆ. ಇನ್ನು ಕಾಗದವಿಲ್ಲ, ಮೊಹರಿಲ್ಲ, ಓಡಾಟವಿಲ್ಲ. ಅವರೇ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳುತ್ತಾರೆ, ಅಲ್ಲೇ ತೀರ್ಮಾನ. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಅವನ ಪರವಾನಗಿ ನವೀಕರಿಸುವ ಫೋನ್ ಬಂದದ್ದು ಊಟದ ಹೊತ್ತಿಗೆ. ಅವನು ಮೊಳೆಗಳನ್ನು ಬಾಯಿಂದ ಡಬ್ಬಿಗೆ ಉಗುಳಿ, ಕೈಯನ್ನು ಅಂಗಿಗೆ ಒರೆಸಿ, ಎದ್ದು ನಿಂತು ಮಾತಾಡಿದ. ಸುತ್ತ ನಾವು ಡಬ್ಬಿ ಬಿಚ್ಚಿಕೊಂಡು ಕೂತಿದ್ದೆವು. ಆ ಕಡೆ ಒಂದು ಹುಡುಗಿಯ ದನಿ, ಜೇನಿನಂಥದ್ದು.

"ನಮಸ್ಕಾರ ಸರ್, ಹೇಗಿದ್ದೀರಾ?"

"ಪರವಾಗಿಲ್ಲ ತಾಯಿ. ನೀವು ಚೆನ್ನಾಗಿದ್ದೀರಾ? ಊಟ ಆಯ್ತಾ?"

"ಇನ್ನೂ ಇಲ್ಲ ಸರ್. ಈಗ ಕೀಲು ನೋವು ಹೇಗಿದೆ?"

"ಅದು ಇದ್ದದ್ದೇ. ಪರವಾಗಿಲ್ಲ."

"ಕೆಲಸಕ್ಕೆ ಹೋಗ್ತಿದ್ದೀರಾ ಸರ್?"

"ಕೆಲ್ಸದಲ್ಲೇ ಇದ್ದೀನಮ್ಮ."

"ಮುಂದಿನ ಇಂಜೆಕ್ಷನ್ ತಡವಾದರೆ ನಿಮಗೆ ತೊಂದರೆ ಆಗುತ್ತಾ?"

ಮಗು ಊಟ ಬಿಟ್ಟು ದುಡಿಯುತ್ತಿದೆ, ಔಷಧಿ ಕಳಿಸುವುದು ಒಂದೆರಡು ದಿನ ಹಿಂದೆ ಮುಂದೆ ಆಗುತ್ತದೆಂದು ಸಂಕೋಚದಿಂದ ಕೇಳುತ್ತಿದೆ ಎಂದುಕೊಂಡ ಅವನು.

"ಅಯ್ಯೋ, ಪರವಾಗಿಲ್ಲ ತಾಯಿ. ನೀವು ಮೊದ್ಲು ಊಟ ಮಾಡಿ."

ಫೋನ್ ಇಟ್ಟವನ ಮುಖ ಅರಳಿತ್ತು. "ಎಷ್ಟು ಚೆನ್ನಾಗಿ ಮಾತಾಡ್ತು ನೋಡಣ್ಣ! ಸರ್ ಸರ್ ಅಂತ. ಹಿಂದಿನವ್ರು ಕತ್ತೆಗೆ ಗದರಿಸಿದ ಹಾಗೆ ಗದರ್ಸೋರು." ನಾನು ಎತ್ತಿದ ತುತ್ತನ್ನು ಡಬ್ಬಿಗೇ ಇಳಿಸಿದೆ. ಆದರೂ, ಅಷ್ಟು ಓದಿದ ಹುಡುಗಿಗೆ ನಮ್ಮ ಮಾತಿನ ಒಳಹೊರಗು ಗೊತ್ತಿಲ್ಲದೆ ಇದ್ದೀತೆ ಎಂದುಕೊಂಡೆ.

ಸಂಜೆ ಅವನ ಹೆಂಡತಿಗೆ ಗೊತ್ತಾಯಿತು. ಅವಳು ಅನುಮಾನಿಸಲೂ ಇಲ್ಲ, ಹೊಸ್ತಿಲಲ್ಲೇ ಅಡ್ಡ ನಿಂತು ಕೇಳಿದಳು.

"ಎಷ್ಟು ಸಲ ಅಂದ್ರಿ?"

"ಏನನ್ನ?"

"ಆ ನಿಮ್ಮ ಹಾಳು ಮಾತನ್ನ!"

ವಿಮೆಯವರ ಸಂದೇಶ ಬಂತು. ರೋಗಿಯ ಸ್ಥಿತಿ ತೃಪ್ತಿಕರವಾಗಿದೆ, ಔಷಧಿ ಮುಂದುವರಿಸುವ ಅಗತ್ಯ ಕಂಡುಬಂದಿಲ್ಲ. ಡಾಕ್ಟ್ರಮ್ಮ ಕೆರಳಿ ಉದ್ದನೆಯ ಪತ್ರ ಬರೆದುಕೊಟ್ಟರು. ಕಾಗದ ತೆಗೆದುಕೊಳ್ಳುವುದಿಲ್ಲ ಎಂದರು ವಿಮೆಯವರು. ಕಾಗದ ಬೇಡವೆಂಬುದೇ ಹೊಸ ವ್ಯವಸ್ಥೆಯ ಹೆಗ್ಗಳಿಕೆ.

ಗಂಡ ಹೆಂಡತಿ ವಿಮೆ ಕಚೇರಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಮುಖ ಕಾಣುವಂಥ ನೆಲ, ತಾನಾಗಿ ತೆರೆದುಕೊಳ್ಳುವ ಗಾಜಿನ ಬಾಗಿಲು. ಅಧಿಕಾರಿ ಒಳ್ಳೆಯವನಂತೆಯೇ ಕಂಡ, ಕೂರಿಸಿ ಮಾತಾಡಿಸಿದ. ನಮ್ಮವನು ಕೂರುವ ಮೊದಲು ಕುರ್ಚಿಯ ಮೂಲೆಯನ್ನು ಬೆರಳಿಂದ ಸವರಿ ನೋಡಿದ. ಆಗಲೇ ಬೆರಳುಗಳು ಮತ್ತೆ ಊದತೊಡಗಿದ್ದವು.

ಅಧಿಕಾರಿ ಕಂಪ್ಯೂಟರಿನ ಗುಂಡಿ ಒತ್ತಿದ. ಆ ತಣ್ಣನೆಯ ಕೋಣೆಯಲ್ಲಿ ನಮ್ಮವನ ದನಿ ಹೊರಟಿತು, ಹಿಂದೆ ತಗಡು ಬಡಿಯುವ ಸದ್ದಿನೊಂದಿಗೆ. ಅಯ್ಯೋ, ಪರವಾಗಿಲ್ಲ ತಾಯಿ.

"ಇದು ನಿಮ್ಮ ದನಿನೇ ತಾನೆ?"

"ನಂದೇ ಸ್ವಾಮಿ."

"ತಡವಾದ್ರೆ ತೊಂದ್ರೆ ಇದೆಯಾ ಅಂತ ಕೇಳಿದ್ದಾರೆ. ಪರವಾಗಿಲ್ಲ ಅಂದಿದ್ದೀರಿ. ಇನ್ನು ನಾವೇನು ಮಾಡೋಣ ಹೇಳಿ?"

ಹೆಂಡತಿ ಬಾಯಿ ಹಾಕಿದಳು. "ಸ್ವಾಮಿ, ಇವ್ರು ಪ್ರಾಣ ತಗೊಂಡು ಹೋಗೋಕೆ ಬಂದ ಯಮನಿಗೂ ಪರವಾಗಿಲ್ಲ, ಸುಧಾರಿಸ್ಕೊಂಡು ಹೋಗಪ್ಪ ಅನ್ನೋ ಜಾತಿ. ಇವ್ರ ಮಾತು ಕೇಳಿ ಔಷಧಿ ನಿಲ್ಲಿಸ್ತಾರಾ?"

"ಪದಕ್ಕಿರೋ ಅರ್ಥ ತಗೋಬೇಕಲ್ಲಮ್ಮ. ಪರವಾಗಿಲ್ಲ ಅಂದ್ರೆ ತೊಂದ್ರೆ ಇಲ್ಲ ಅಂತ."

"ನೀವು ಮನೇಲಿ ಯಾವ ಭಾಷೆ ಆಡೋದು ಸ್ವಾಮಿ?"

"ಇದೇ."

"ಮತ್ತೆ ಗೊತ್ತಿಲ್ವಾ?"

ಅಧಿಕಾರಿ ಕಂಪ್ಯೂಟರಿನತ್ತ ಕೈ ಬೀಸಿದ. ಮೇಜಿನ ಮೇಲಿದ್ದ ಚಹಾದ ಲೋಟ ಉರುಳಿ, ಹೊಗೆಯಾಡುತ್ತಿದ್ದ ಚಹಾ ನಮ್ಮವನ ಊದಿದ ಎಡಗೈ ಮೇಲೆ ಸುರಿಯಿತು.

"ಅಯ್ಯಯ್ಯೋ, ಸಾರಿ, ಸಾರಿ!"

"ಪರವಾಗಿಲ್ಲ ಸ್ವಾಮಿ, ಪರವಾಗಿಲ್ಲ."

ಹೆಂಡತಿ ಸೆರಗಿನಿಂದ ಗಂಡನ ಕೈ ಒರೆಸುತ್ತ, ತಲೆ ಎತ್ತದೆ ಹೇಳಿದಳು: "ಬರ್ಕೊಳ್ಳಿ ಸ್ವಾಮಿ, ಇದನ್ನೂ ಬರ್ಕೊಳ್ಳಿ. ಕುದಿಯೋ ಚಹಾ ಬಿದ್ರೂ ರೋಗಿಯ ಸ್ಥಿತಿ ತೃಪ್ತಿಕರವಾಗಿದೆ."

ಅಧಿಕಾರಿಯ ಮುಖ ಕಪ್ಪಿಟ್ಟಿತು. "ನಂಗೆ ಅರ್ಥ ಆಯ್ತಮ್ಮ," ಎಂದ ಮೆಲ್ಲಗೆ. "ಆದ್ರೆ ನಂಗೆ ಅರ್ಥ ಆಗಿ ಏನು ಬಂತು, ಇದಕ್ಕೆ ಅರ್ಥ ಆಗ್ಬೇಕಲ್ಲ." ಕಂಪ್ಯೂಟರಿನ ನೆತ್ತಿ ತಟ್ಟಿದ. "ಮೇಲ್ಮನವಿ ಹಾಕ್ತೀನಿ. ಮತ್ತೆ ಫೋನ್ ಬರುತ್ತೆ. ನೋವಿದೆಯಾ ಅಂದ್ರೆ ಇದೆ ಅನ್ನಿ. ಅಷ್ಟೇ. ಅದೊಂದೇ ಮಾತು."

ಆ ಒಂದು ಮಾತನ್ನು ಕಲಿಸಲು ವರ್ಕ್‌ಶಾಪೇ ಪಾಠಶಾಲೆಯಾಯಿತು. ಊಟದ ಹೊತ್ತಿಗೆ ತಗಡು ಬಡಿಯುವವನು ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯನ್ನು ಫೋನಿನಂತೆ ಕಿವಿಗಿಟ್ಟುಕೊಂಡು ಹೆಣ್ಣು ದನಿ ತೆಗೆಯುತ್ತಿದ್ದ.

"ಹಲೋ ಸಾರ್, ಹೇಗಿದ್ದೀರಾ ಸಾರ್?"

"ಪರ…"

ಢಣ್ ಎಂದು ತಗಡಿಗೆ ಏಟು. "ನೋವು ಅನ್ನಣ್ಣ, ನೋವು!"

"ನೋವು… ಸ್ವಲ್ಪ."

ಢಣ್. "ಸ್ವಲ್ಪ ಅನ್ನೋದನ್ನ ನುಂಗು! ಇಂಜೆಕ್ಷನ್ ತಡವಾದ್ರೆ ತೊಂದ್ರೆನಾ ಸಾರ್?"

"ನೀನು ಹೀಗೆ ಮೀಸೆ ಇಟ್ಕೊಂಡು ಕೇಳಿದ್ರೆ ನಗು ಬರುತ್ತೆ ಕಣೋ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿದ ಮೇಲೆ ಅವನು ನನ್ನ ಹತ್ತಿರ ಬಂದು ಕೂತ. ಆಗಲೇ ಹೆಬ್ಬೆರಳು ಒಳಕ್ಕೆ ವಾಲತೊಡಗಿತ್ತು. ಆ ದಿನ ಅವನು ಮುಗಿಸಿದ ಸೀಟಿನ ಮೂಲೆಯಲ್ಲಿ ಸುಕ್ಕಿತ್ತು. ನಾನು ನೋಡಿದ್ದನ್ನು ಅವನೂ ನೋಡಿದ.

"ಅಣ್ಣ, ಹೇಗಿದ್ದೀಯ ಅಂತ ಕೇಳೋದು ಮರ್ಯಾದೆಗೆ ಅಲ್ವಾ? ಆ ಮರ್ಯಾದೆಗೆ ನಾವೂ ಮರ್ಯಾದೆ ಕೊಡ್ಬೇಕಲ್ವಾ? ಮುಖ ನೋಡದ ಹುಡುಗಿ ಮುಂದೆ ನರಳ್ತಾ ಕೂರೋದು ಹೇಗೆ?"

"ಮರ್ಯಾದೆ ಇಟ್ಕೊಂಡು ಕೈ ಕಳ್ಕೋತೀಯೇನೋ?" ಎಂದು ನಾನು ಗದರಿದೆ.

ಅವನು ಸೀಟಿನ ಸುಕ್ಕನ್ನು ಅಂಗೈಯಿಂದ ಒತ್ತಿ ನೋಡಿದ. "ಹೇಳ್ತೀನಿ," ಎಂದ.

ಫೋನ್ ಬಂದದ್ದು ರಜೆಯ ದಿನ, ಬೆಳಗ್ಗೆ. ನಾನು ಅವನ ಮನೆಯಲ್ಲೇ ಇದ್ದೆ. ಕಿವಿಗೆ ಹಿಡಿಯಲಾಗದೆ ಅವನು ಫೋನನ್ನು ಮೇಜಿನ ಮೇಲಿಟ್ಟು ದನಿ ದೊಡ್ಡದು ಮಾಡಿದ. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

"ನಮಸ್ಕಾರ. ನಿಮಗೆ ಕೀಲು ನೋವು ಇದೆಯೇ?"

ಅವನು ಕಣ್ಣು ಮುಚ್ಚಿಕೊಂಡ. ಆಮೇಲೆ ಹೇಳತೊಡಗಿದ. ಅಷ್ಟುದ್ದ ಅವನು ಮಾತಾಡಿದ್ದನ್ನು ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ.

"ನೋವಿದೆ ತಾಯಿ. ಬೆಳಗ್ಗೆ ಎದ್ರೆ ಈ ಕೈ ನಂದಲ್ಲ. ಅಂಗಿ ಗುಂಡಿ ಹಾಕೋದು ನನ್ನ ಹೆಂಡ್ತಿ. ಅವಳಿಗೆ ಕಷ್ಟ ಆಗ್ಬಾರ್ದು ಅಂತ ರಾತ್ರಿ ಅಂಗಿ ಬಿಚ್ಚದೆ ಮಲಗಿದ್ದೂ ಇದೆ. ಮೂಲೆ ಹಿಡಿಯೋಕಾಗ್ತಿಲ್ಲ. ಸುಕ್ಕು ಬೀಳ್ತಿದೆ, ಹುಡುಗರು ಕದ್ದು ಬಿಚ್ಚಿ ಮತ್ತೆ ಹೊಲೀತಾರೆ, ನಂಗೆ ಗೊತ್ತಾಗ್ಬಾರ್ದು ಅಂತ. ನಂಗೆ ಗೊತ್ತು. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ದೀನಮ್ಮ, ಇವಳಿಗೆ ಕೇಳಿಸ್ಬಾರ್ದು ಅಂತ…"

ಬಾಗಿಲಲ್ಲಿದ್ದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಫೋನ್ ಹೇಳಿತು: "ಕ್ಷಮಿಸಿ. ನಿಮ್ಮ ಉತ್ತರ ಅರ್ಥವಾಗಲಿಲ್ಲ."

ಅದು ಹುಡುಗಿಯಲ್ಲ, ಯಂತ್ರ. ವ್ಯವಸ್ಥೆಯನ್ನು ಇನ್ನಷ್ಟು ಸರಳ ಮಾಡಿದ್ದರು. ನಮಗೆ ಅದು ಹೊಳೆಯುವ ಮೊದಲೇ, ಕಣ್ಣೀರು ಒರೆಸಿಕೊಳ್ಳುತ್ತಿದ್ದ ನಮ್ಮವನ ನಾಲಿಗೆ, ಕ್ಷಮೆ ಕೇಳಿದವರಿಗೆ ಹುಟ್ಟಿದಾಗಿನಿಂದ ಕೊಡುತ್ತಿದ್ದ ಉತ್ತರವನ್ನು ಕೊಟ್ಟುಬಿಟ್ಟಿತು.

"ಪರವಾಗಿಲ್ಲ."

"ನಿಮ್ಮ ಉತ್ತರ: ಇಲ್ಲ. ಉತ್ತರ ದಾಖಲಾಗಿದೆ. ಧನ್ಯವಾದಗಳು."

ಹೆಂಡತಿ ಓಡಿ ಬಂದು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂಗಿದಳು: "ಹೌದು! ಹೌದು! ನೋವಿದೆ, ಹೌದು!" ಅದರಲ್ಲಿ ಏನೂ ಉಳಿದಿರಲಿಲ್ಲ.

ಅಂದು ಅವನಿಗೆ ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. ಅವಳು ಒಳಗೆ ಹೋಗಿ ನೀರು ಕಾಯಲು ಇಟ್ಟಳು. ಹಿಂದಿರುಗಿ ಬಂದು, ಅವನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. "ರಾತ್ರಿ ಅಂಗಿ ಬಿಚ್ಚದೆ ಮಲ್ಗಿದ್ದು ಚಳಿಗೆ ಅಂದಿದ್ರಿ," ಎಂದಳು. ಅಷ್ಟೇ.

ಮುಂದಿನದನ್ನು ಎಳೆದು ಹೇಳುವುದಿಲ್ಲ. ಕಚೇರಿಯ ಅಧಿಕಾರಿ ಮೇಲಿನವರಿಗೆ ಹೇಳಿ ನೋಡಿದ. ಡಾಕ್ಟ್ರಮ್ಮ ಮತ್ತೆ ಮತ್ತೆ ಫೋನ್ ಮಾಡಿದರು. ಸಂಘದವರು ಹೋದರೆ, ನೀವೇ ತಾನೆ ಸರಳ ಮಾಡಿ ಎಂದದ್ದು ಎಂದರು ವಿಮೆಯವರು. ಇಷ್ಟರಲ್ಲಿ ರೋಗ ತನ್ನ ಕೆಲಸವನ್ನು ಯಾರ ಪರವಾನಗಿಯೂ ಇಲ್ಲದೆ ಮಾಡಿ ಮುಗಿಸಿತು. ಬಲಗೈ ಬೆರಳುಗಳು ಅರ್ಧಕ್ಕೇ ಮಡಚಿ ನಿಂತವು. ಎಡಗೈಯ ಹೆಬ್ಬೆರಳು ಅಂಗೈಗೆ ಒರಗಿತು, ಅದರ ಪಕ್ಕದ ಎರಡು ಬೆರಳು ಹೊರಕ್ಕೆ ವಾಲಿ ನಿಂತವು. ಮೂಲೆ ಹಿಡಿಯುವ ಬೆರಳುಗಳು. ಡಾಕ್ಟ್ರಮ್ಮ ಹೊಸ ಎಕ್ಸ್‌ರೇ ತೆಗೆಸಿ, ವಿಮೆಯ ಕಂಪ್ಯೂಟರಿನಲ್ಲಿ ಡಾಕ್ಟರಿಗೆ ಬಿಟ್ಟಿದ್ದ ಒಂದೇ ಖಾನೆಯಾದ ಅಂಗವಿಕಾರದ ಖಾನೆಯಲ್ಲಿ, ಕೈ ವಿಕಾರವಾಗಿದೆ ಎಂದು ತುಂಬಿಸಿದರು. ಅವರು ಕುರ್ಚಿಯಿಂದ ಏಳುವ ಮೊದಲೇ ಒಪ್ಪಿಗೆ ಬಂತು. ನೋವು ಅದಕ್ಕೆ ಅರ್ಥವಾಗಿರಲಿಲ್ಲ. ಹಾಳಾದ ಕೈ ಎಂದರೆ ಕೂಡಲೇ ಅರ್ಥವಾಯಿತು. ಹೊಸ ವ್ಯವಸ್ಥೆ ಎಷ್ಟು ಚುರುಕು ಎಂದು ಆ ದಿನ ಕಣ್ಣಾರೆ ಕಂಡೆವು.

ಈಗ ಇಂಜೆಕ್ಷನ್ನು ತಪ್ಪದೆ ಬೀಳುತ್ತದೆ. ಊತವಿಲ್ಲ. ಬೆರಳುಗಳು ಮಾತ್ರ ಸೊಟ್ಟಗಾದ ಜಾಗದಲ್ಲೇ ತಣ್ಣಗೆ ಕೂತಿವೆ. ಕಂಪನಿಯವರು ಅವನನ್ನು ವರ್ಕ್‌ಶಾಪಿನ ಗೇಟಿನಲ್ಲಿ ಕೂರಿಸಿದ್ದಾರೆ. ಒಳಗೆ ಬರುವ ಬಸ್ಸಿಗೆ ಕಂಬಿ ಎತ್ತಬೇಕು, ಹೋದ ಮೇಲೆ ಇಳಿಸಬೇಕು. ಮೊಣಕೈಯಲ್ಲಿ ಒತ್ತಿದರೂ ಆಗುವ ಕೆಲಸ. ಅವನು ಕೂರುವ ಕುರ್ಚಿ ಪ್ಲಾಸ್ಟಿಕ್ಕಿನದು. ಅದಕ್ಕೆ ಮೂಲೆಯೇ ಇಲ್ಲ.

ಒಂದು ವಿಷಯದಲ್ಲಿ ಅವನು ಬದಲಾಗಿದ್ದಾನೆ. ಹೇಗಿದ್ದೀಯ ಎಂದು ಯಾರಾದರೂ ಕೇಳಿದರೆ ಈಗ ಹೇಳುತ್ತಾನೆ. ಯಾವ ಬೆರಳು ಎಲ್ಲಿಗೆ ಮಡಚುತ್ತದೆ, ಯಾವುದು ಮಡಚುವುದಿಲ್ಲ, ತುತ್ತು ಕಲಸುವುದು ಹೇಗೆ, ಎಲ್ಲವನ್ನೂ. ಮೊದಮೊದಲು ಜನ ನಿಂತು ಕೇಳಿದರು. ಆಮೇಲೆ ಕೇಳುವುದನ್ನೇ ಬಿಟ್ಟರು. ಮೇಸ್ತ್ರಿ ಗೇಟಿನ ಹತ್ತಿರ ಬರುವಾಗ ಫೋನ್ ಕಿವಿಗಿಟ್ಟುಕೊಳ್ಳುತ್ತಾನೆ. ಹೆಸರು ಮಾತ್ರ ಹಾಗೇ ಉಳಿದಿದೆ. ಪರವಾಗಿಲ್ಲಣ್ಣ, ಗೇಟು ತೆಗಿ.

ಮೊನ್ನೆ ನಾನು ಅವನ ಪಕ್ಕದಲ್ಲಿ ಕೂತಿದ್ದೆ. ಹೆಂಡತಿ ಊಟ ತಂದು ಕಲಸಿಕೊಡುತ್ತಿದ್ದಳು. ಫೋನ್ ಬಡಿದುಕೊಂಡಿತು. ಅವಳೇ ಗುಂಡಿ ಒತ್ತಿ ಅವನ ಮುಂದಿಟ್ಟಳು.

"ನಮಸ್ಕಾರ ಸರ್. ನಮ್ಮ ಸರಳ ಪರವಾನಗಿ ವ್ಯವಸ್ಥೆ ನಿಮಗೆ ಹೇಗನ್ನಿಸ್ತು ಅಂತ ತಿಳ್ಕೊಳ್ಳೋಕೆ ಕರೆ ಮಾಡಿದ್ದೀನಿ."

ಅದೇ ಜೇನುದನಿ. ಅವನು ಬೆನ್ನು ನೆಟ್ಟಗೆ ಮಾಡಿದ. "ನೀವು ಮನುಷ್ಯರೇ ತಾನೇ ತಾಯಿ?"

"ಹೌದು ಸರ್," ಎಂದು ಆ ಹುಡುಗಿ ನಕ್ಕಳು.

"ಊಟ ಆಯ್ತಾ?"

ನಗು ನಿಂತಿತು. ಎಷ್ಟೋ ಜನರಿಗೆ ಫೋನ್ ಮಾಡುವವಳು, ಅವಳನ್ನು ಊಟ ಆಯಿತೇ ಎಂದು ಕೇಳುವವರು ಬಹಳ ಇರಲಿಕ್ಕಿಲ್ಲ. "ಸರ್… ನೀವು… ಬಸ್ ಸೀಟು ಹೊಲೀತಿದ್ರಲ್ವಾ?"

"ಹೊಲೀತಿದ್ದೆ," ಎಂದ. ಆಮೇಲೆ ಹೇಳಿದ. ದನಿ ಏರಿಸಲಿಲ್ಲ, ಒಂದೂ ಕೆಟ್ಟ ಮಾತಾಡಲಿಲ್ಲ. ಅವಳು ಕೇಳಿದ ಪ್ರಶ್ನೆ, ಅವನು ಕೊಟ್ಟ ಉತ್ತರ, ಅದನ್ನು ಅವಳು ತೆಗೆದುಕೊಂಡ ಅರ್ಥ, ಆಮೇಲೆ ಯಂತ್ರ ತೆಗೆದುಕೊಂಡ ಅರ್ಥ, ಆಮೇಲೆ ಈ ಕೈ. ಎರಡು ಬಸ್ಸು ಗೇಟಿನ ಹೊರಗೆ ಹಾರನ್ ಹೊಡೆಯುತ್ತ ನಿಂತವು. ನಾನೇ ಎದ್ದು ಕಂಬಿ ಎತ್ತಿದೆ.

ಆ ಕಡೆಯಿಂದ ಜೇನೆಲ್ಲ ಇಳಿದುಹೋದ, ಎಳೆಯ, ಬರೀ ದನಿಯೊಂದು ಬಂತು.

"ನಂಗೆ ಗೊತ್ತಾಗ್ಲಿಲ್ಲ ಸರ್. ಕ್ಷಮಿಸಿ."

ಆ ಮಾತಿಗೆ ನಮ್ಮಲ್ಲಿರುವ ಉತ್ತರ ಒಂದೇ. ಹೆಂಡತಿಯ ಕೈ ತಟ್ಟೆಯಲ್ಲೇ ನಿಂತಿತು. ಅವನ ತುಟಿಗಳು ಕೂಡಿದವು, ಪಕಾರಕ್ಕೆ ಕೂಡುವಂತೆ ಕೂಡಿದವು. ಮೊಳೆ ಕಚ್ಚಿಕೊಂಡಂತೆ ಹಾಗೇ ಬಿಗಿದುಕೊಂಡವು.

ಹುಡುಗಿ ಕಾದಳು. "ಸರ್?" ಎಂದಳು.

ಅವನು ಬಗ್ಗಿ, ಸೊಟ್ಟಗಾದ ಬೆರಳಿನ ಗಿಣ್ಣಿನಿಂದ ಕೆಂಪು ಗುಂಡಿಯನ್ನು ತಡಕಿ ತಡಕಿ ಒತ್ತಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ಬಾಯಿ ತೆರೆದ. ಅವಳು ತುತ್ತಿಟ್ಟಳು.

"ಉಪ್ಪು ಕಮ್ಮಿ," ಎಂದ.